ಯಜಮಾನರ ಎರಡು ರುಜು

ಡಾಂಗಲ್ ತಂದು ಮೇಜಿನ ಮೇಲಿಟ್ಟು, 'ಪಿನ್ ನಂಬರ್ ಅದರ ಮೇಲೇ ಬರ್ದಿದೆ, ನೀವೇ ಸೈನ್ ಹಾಕ್ಬಿಡಿ ಮೇಡಂ' ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅರಸೀಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಅರ್ಜಿ ತುಂಬಿಕೊಡುವ ಅಂಗಡಿಯೊಂದರಲ್ಲಿ ನಾನೀಗ ಕೂರುತ್ತೇನೆ. ದಿನಕ್ಕೆ ಒಬ್ಬರಾದರೂ ಹೀಗೆ ಬರುತ್ತಾರೆ. ಬೆರಳುದ್ದದ ಆ ಸಾಧನದೊಳಗೆ ಒಬ್ಬ ಮನುಷ್ಯನ ಸಹಿ ಇರುತ್ತದೆ. ಕಂಪ್ಯೂಟರಿಗೆ ಚುಚ್ಚಿ ಗುಟ್ಟಿನ ಅಂಕಿ ಒತ್ತಿದರೆ, ಅವರೇ ಎದುರು ಕೂತು ರುಜು ಹಾಕಿದ ಹಾಗೆ ಲೆಕ್ಕ. 'ಖಾಲಿ ಹಾಳೆ ಮೇಲೆ ರುಜು ಹಾಕಿ ದಾರೀಲಿ ಹೋಗೋರ ಕೈಗೆ ಕೊಡ್ತೀರೇನ್ರೀ?' ಎಂದು ಬೈದು ಕಳಿಸುತ್ತೇನೆ. ಗಿರಾಕಿ ಕೈತಪ್ಪಿದರು ಎಂದು ಅಂಗಡಿಯ ಮಾಲೀಕನಿಗೆ ಸಿಟ್ಟು. ಬರಲಿ ಬಿಡಿ. ನಾನು ಯಾಕೆ ಹೀಗಾದೆ ಎಂದು ಅವನಿಗೆ ಇನ್ನೂ ಹೇಳಿಲ್ಲ.

ಹತ್ತೊಂಬತ್ತು ವರ್ಷ ನಾನು ಇದೇ ಊರಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗುಮಾಸ್ತೆಯಾಗಿದ್ದೆ. ಶಾಲೆಯನ್ನು ನಡೆಸುವ ಸಂಸ್ಥೆಯ ಕಾರ್ಯದರ್ಶಿ ಹಳೇಬೀಡಿನ ಹತ್ತಿರ, ಹುಲಿಕೆರೆ ಕಡೆಯ ತೆಂಗಿನ ತೋಟದವರು. ಹಣೆ ತುಂಬ ವಿಭೂತಿ, ಮಡಿಸಿದ ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್. ನಾವೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದೆವು. ಶಾಲೆಯಿಂದ ಮೇಲಿನ ಕಚೇರಿಗೆ ಏನೇ ಹೋದರೂ ಅವರ ರುಜು ಆಗಬೇಕಿತ್ತು.

ಶಾಯಿ ಪೆನ್ನಿನ ಕಾಲ ಹೋಗಿ ಡಾಂಗಲ್ ಕಾಲ ಬಂದಾಗ ಬೇರೆ ಕಡೆ ಆದದ್ದು ನಮ್ಮಲ್ಲಿ ಆಗಲಿಲ್ಲ. ಬೇಲೂರಿನಲ್ಲಿ ನನಗೆ ಪರಿಚಯದ ಒಬ್ಬ ಗುಮಾಸ್ತರು ತಮ್ಮ ಸಂಸ್ಥೆಯವರ ಡಾಂಗಲನ್ನು ಕಂಪ್ಯೂಟರಿನಿಂದ ಕೀಳುತ್ತಲೇ ಇರಲಿಲ್ಲ. ಪಿನ್ ಬರೆದ ಚೀಟಿಯನ್ನು ಪರದೆಯ ಅಂಚಿಗೇ ಅಂಟಿಸಿದ್ದರು. ನಮ್ಮ ಯಜಮಾನರು ಮಾತ್ರ ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡುವರು. ರುಜು ಇದೆ ಎಂದು ಫೋನ್ ಮಾಡಿದರೆ ಜಾವಗಲ್ ಮೇಲಿನ ಬಸ್ಸು ಹತ್ತಿ ಬರುವರು. ಬಂದವರು ಬೆವರೊರೆಸಿಕೊಂಡು ಕೂತು, 'ಏನೈತೆ, ಓದವ್ವಾ ಮೊದ್ಲು' ಎನ್ನುವರು. ಪತ್ರ ಓದಿದರೆ ಸಾಲದು, ಲಗತ್ತುಗಳನ್ನೂ ಓದಬೇಕು. ಅಂಕಪಟ್ಟಿ, ಹಾಜರಾತಿ, ಹಾಳುಮೂಳು ಎಲ್ಲವನ್ನೂ. ನನಗೋ ಗಂಟಲು ಒಣಗುತ್ತಿತ್ತು.

'ಯಜಮಾನ್ರೇ, ಪಿನ್ ಹೇಳ್ಬಿಡಿ. ಈ ಬಿಸ್ಲಲ್ಲಿ ನೀವ್ಯಾಕ್ ಬರ್ತೀರಿ? ನಾನೇ ಒತ್ಕೋತೀನಿ' ಎಂದು ಒಂದು ದಿನ ರೇಗಿಯೇ ಹೇಳಿದೆ.

'ರುಜು ಅಂದ್ರೆ ನಾನಿದೀನಿ ಅಂತ ಕಣವ್ವಾ. ನಾನ್ ಬಾರ್ದಲೇ ನಾನಿದೀನಿ ಅಂತ ನೀನ್ ಹೆಂಗ್ ಹೇಳ್ತೀಯ?' ಎಂದರು. ಆಮೇಲೆ ಎಡಗೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಣದಂತೆ ಬರೆಯುವ ಹುಡುಗನ ಹಾಗೆ ಒಂದೊಂದೇ ಅಂಕಿ ಒತ್ತಿದರು. ಎಂಟರ್ ಒತ್ತಿದ ಮೇಲೆ, 'ಹಸುರು ಬಂತಾ?' ಎಂದು ಕೇಳಿದರು. ರುಜು ಸರಿಯಾಗಿ ಕೂತರೆ ಪರದೆಯ ಮೇಲೆ ಹಸಿರು ಟಿಕ್ ಗುರುತು ಬರುತ್ತದೆ. ಬಂದಿತ್ತು. ನಾನು ಒಳಗೊಳಗೇ ನಗುತ್ತಿದ್ದೆ. ಈಗ ಆ ನಗು ನೆನೆದರೆ ನನ್ನ ಬಾಯಿಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಶಾಲೆಯಲ್ಲಿ ಒಬ್ಬಳು ಕನ್ನಡ ಟೀಚರ್ ಇದ್ದಳು. ಬಾಣಾವರದವಳು, ದಿನಾ ಬೆಳಿಗ್ಗೆ ರೈಲಿನಲ್ಲಿ ಬರುವಳು. ಗಂಡ ತೀರಿಹೋಗಿದ್ದ. ಹದಿನಾಲ್ಕು ವರ್ಷದಿಂದ ತಾತ್ಕಾಲಿಕವಾಗಿಯೇ ಪಾಠ ಮಾಡುತ್ತಿದ್ದಳು. ನನ್ನನ್ನು ಅಕ್ಕಾ ಎನ್ನುವಳು, ಮಧ್ಯಾಹ್ನ ನನ್ನ ಡಬ್ಬಿಯಿಂದ ಕೇಳದೆಯೇ ಚಟ್ನಿ ಎತ್ತಿಕೊಳ್ಳುವಷ್ಟು ಸಲಿಗೆ. ಆ ವರ್ಷ ಖಾಲಿಯಾಗಿದ್ದ ಕನ್ನಡದ ಹುದ್ದೆಗೆ ಅವಳನ್ನೇ ಕಾಯಂ ಮಾಡಲು ಅವಕಾಶ ಬಂತು. ಮೇಲಿನ ಕಚೇರಿಯ ಅನುಮೋದನೆ ಸಿಕ್ಕರೆ ಆಯಿತು. ಸಿಗದಿದ್ದರೆ ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಇದೊಂದೇ ಸಲ, ಇದು ತಪ್ಪಿದರೆ ಇನ್ನಿಲ್ಲ.

ಹಾಸನದ ಕಚೇರಿಯಿಂದ ಸುತ್ತೋಲೆ ಬಂತು. ಪ್ರಸ್ತಾವನೆ ಮತ್ತು ಎಲ್ಲ ಲಗತ್ತುಗಳನ್ನು ಒಂದೇ ಫೈಲಾಗಿ ಮಾಡಿ, ಕಾರ್ಯದರ್ಶಿಯವರ ಡಿಜಿಟಲ್ ಸಹಿಯೊಂದಿಗೆ, ಶನಿವಾರ ಸಂಜೆ ಐದರೊಳಗೆ ಇ-ಮೇಲ್ ಮೂಲಕವೇ ಸಲ್ಲಿಸತಕ್ಕದ್ದು. ಫೈಲು ಇಪ್ಪತ್ತು ಎಂಬಿ ಮೀರಕೂಡದು. 'ಮೂಲಕವೇ' ಎಂಬ ಮಾತಿನ ಕೆಳಗೆ ನಾನೇ ಕೆಂಪು ಗೆರೆ ಎಳೆದುಕೊಂಡೆ.

ಅದೇ ವಾರ ಯಜಮಾನರು ಎದೆನೋವೆಂದು ಹಾಸನದ ಆಸ್ಪತ್ರೆ ಸೇರಿದರು. ಟೀಚರ್ ನನ್ನ ಕೋಣೆಗೆ ಬಂದವಳು ಏನೂ ಕೇಳಲಾರದೆ ಕುರ್ಚಿಯ ಬೆನ್ನು ಹಿಡಿದು ನಿಂತಳು. ಹಾಸಿಗೆ ಹಿಡಿದವರ ಹತ್ತಿರ ತನ್ನ ಕೆಲಸದ ಮಾತು ಎತ್ತುವುದು ಹೇಗೆ ಎಂದು ಅವಳ ಸಂಕಟ. 'ನೀನ್ ಸುಮ್ನಿರೇ, ನಾನು ಕೇಳ್ತೀನಿ' ಎಂದೆ. ಶುಕ್ರವಾರ ಶಾಲೆಯ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹಾಸನಕ್ಕೆ ಹೋದೆ.

ಬಲಗೈಗೆ ಡ್ರಿಪ್ಸ್ ಹಾಕಿದ್ದರು. ಮುಖ ಇಷ್ಟಾಗಿಹೋಗಿತ್ತು. ನನ್ನನ್ನು ಕಂಡವರೇ, 'ಆ ಹುಡುಗೀದು ಹೋಯ್ತಾ?' ಎಂದು ಕೇಳಿದರು. ನಾನು ಹೇಳುವ ಮೊದಲೇ ಮಗನ ಕೈಯಿಂದ ಅಂಗಿ ತರಿಸಿ ಡಾಂಗಲ್ ತೆಗೆಸಿದರು. ಅಂಥ ಹೊತ್ತಿನಲ್ಲೂ 'ಓದವ್ವಾ' ಎಂದರು. ನಾನು ಮೂರು ಪುಟ ಓದುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಎಂದು ನಿಲ್ಲಿಸಿದರೆ, 'ಹೂಂ, ಮುಂದಕ್ಕೆ' ಎಂದರು. ಎಡಗೈಯಲ್ಲಿ ಅಂಕಿ ಒತ್ತಲು ಆಗಲಿಲ್ಲ. ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಪಿನ್ ಹೇಳಿದರು. ಅಷ್ಟು ವರ್ಷ ಬಚ್ಚಿಟ್ಟದ್ದನ್ನು ಅಂದು ನನಗೆ ಕೊಟ್ಟರು. ನಾನು ಒತ್ತಿದೆ. ಎಂಟರ್ ಮಾತ್ರ ತಾವೇ ಒತ್ತುತ್ತೇನೆಂದು ಎಡಗೈಯ ತೋರುಬೆರಳು ಚಾಚಿದರು. ನಾನು ಲ್ಯಾಪ್‌ಟಾಪನ್ನು ಬೆರಳಿನ ಕೆಳಗೆ ಹಿಡಿದೆ.

'ಹಸುರು ಬಂತಾ?'

'ಬಂತು ಯಜಮಾನ್ರೇ.'

'ಸರಿ. ಇನ್ ಅವ್ಳಿಗೆ ಯೋಚ್ನೆ ಇಲ್ಲ' ಎಂದರು.

ಅಲ್ಲೇ ಕಾರಿಡಾರಿನಲ್ಲಿ ಕೂತು ಫೋನಿನ ಇಂಟರ್‌ನೆಟ್ ಹಚ್ಚಿಕೊಂಡು ಮೇಲ್ ಕಳಿಸಿದೆ. ಫೈಲು ಹದಿನೇಳು ಎಂಬಿ ಇತ್ತು, ಮಿತಿಯೊಳಗೇ. 'ಸೆಂಟ್' ಎಂದು ಬಂತು. ಡಾಂಗಲ್ ವಾಪಸ್ಸು ಕೊಡಲು ಒಳಗೆ ಹೋದರೆ ಯಜಮಾನರು ಮಲಗಿದ್ದರು, ಮಗ ಔಷಧಿಗೆಂದು ಕೆಳಗೆ ಹೋಗಿದ್ದ. ಸೋಮವಾರ ಕೊಟ್ಟರಾಯಿತು ಎಂದು ಪರ್ಸಿಗೆ ಹಾಕಿಕೊಂಡೆ. ಬಸ್ಸಿನಿಂದ ಟೀಚರ್‌ಗೆ ಫೋನ್ ಮಾಡಿ, 'ಹೋಯ್ತು ಕಣೇ! ಯಜಮಾನ್ರೇ ಒತ್ತಿದ್ರು' ಎಂದೆ. ಆ ಕಡೆಯಿಂದ ಅಳು ಕೇಳಿಸಿತು. ನನಗೂ ಕಣ್ಣು ತುಂಬಿ ಬಂತು. ಜಂಬವೂ ಬಂತು, ಸುಳ್ಳು ಹೇಳುವುದಿಲ್ಲ.

ಈಗ ನನಗೆ ಗೊತ್ತಿರುವುದು ಅಂದು ಗೊತ್ತಿರಲಿಲ್ಲ. ಮೇಲ್ ಎನ್ನುವುದು ಮೊದಲಿಗೆ ಬರೀ ಅಕ್ಷರಗಳನ್ನು ಸಾಗಿಸಲು ಹುಟ್ಟಿದ್ದಂತೆ. ಚಿತ್ರವೋ ಪಿಡಿಎಫ್ಫೋ ಏನೇ ಲಗತ್ತಿಸಿದರೂ ಕಳಿಸುವ ಮೊದಲು ಅದನ್ನು ಅಕ್ಷರಗಳ ಉದ್ದುದ್ದ ಸಾಲುಗಳಾಗಿ ಬಿಡಿಸಿ ಬರೆಯಲಾಗುತ್ತದೆ. ಹಾಗೆ ಬಿಡಿಸಿದಾಗ ಮೂರು ಪಾಲು ಇದ್ದದ್ದು ನಾಲ್ಕು ಪಾಲಾಗುತ್ತದೆ, ಅಕ್ಕಿ ಅನ್ನವಾದ ಹಾಗೆ. ನನ್ನ ಹದಿನೇಳು ದಾರಿಯಲ್ಲಿ ಇಪ್ಪತ್ತೆರಡನ್ನೂ ದಾಟಿತ್ತು. ನಮ್ಮ ಕಡೆಯ ಸರ್ವರ್ ತಕರಾರಿಲ್ಲದೆ ಒಯ್ದಿತು. ಆ ಕಡೆಯ ಸರ್ವರ್ ಬಾಗಿಲಲ್ಲೇ ಅಳೆದು ನೋಡಿ ಹಿಂದಕ್ಕೆ ತಳ್ಳಿತು. 'ಸೆಂಟ್' ಎಂದರೆ ನಮ್ಮ ಮನೆ ಬಿಟ್ಟಿದೆ ಎಂದು ಮಾತ್ರ, ಅವರ ಮನೆ ಮುಟ್ಟಿದೆ ಎಂದಲ್ಲ. ಇಷ್ಟು ಸಣ್ಣ ವಿಷಯ ನನಗೆ ಗೊತ್ತಿರಲಿಲ್ಲವಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಯಜಮಾನರು ಬೆಳಗಿನ ಜಾವ ಹೋಗಿಬಿಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಅವರ ತೋಟದಲ್ಲೇ ಸಮಾಧಿ. ನಾನು ಅಳುತ್ತಲೇ ಶಾಲೆಗೆ ಹೋದೆ. ರಜೆಯ ನೋಟೀಸು ಟೈಪ್ ಮಾಡಬೇಕಿತ್ತು. ಕಂಪ್ಯೂಟರ್ ತೆರೆದು ಮೇಲ್ ನೋಡಿದರೆ, ಹಿಂದಿನ ಸಂಜೆಯೇ ಬಂದು ಕೂತಿದ್ದ ಒಂದು ಪತ್ರ. ಕಳಿಸಿದವನ ಹೆಸರು ಮೇಲರ್ ಡೀಮನ್. ವಾಪಸ್ಸು ಬಂದ ಮೇಲ್‌ಗಳನ್ನೆಲ್ಲ ಅವನೇ ತಂದು ಹಾಕುವುದು. ಗಾತ್ರ ಹೆಚ್ಚಾದ್ದರಿಂದ ನಿಮ್ಮ ಪತ್ರವನ್ನು ಮುಟ್ಟಿಸಿಲ್ಲ ಎಂದಿತ್ತು.

ಶಾಲೆಯವರೆಲ್ಲ ಹಳೇಬೀಡಿಗೆ ಹೋಗಲು ಟೆಂಪೋ ಮಾಡಿದ್ದರು. ಹೊರಗೆ ಹಾರ್ನ್ ಹೊಡೆಯುತ್ತಿದ್ದರು. ಬಾಗಿಲಿಗೆ ಬಂದು ಕರೆದವರನ್ನು, ನಾನು ಆಮೇಲೆ ಬಸ್ಸಿಗೆ ಬರುತ್ತೇನೆ ಎಂದು ಕಳಿಸಿಬಿಟ್ಟೆ. ಹಿಂದಿನ ಸಂಜೆ 'ಹೋಯ್ತು ಕಣೇ' ಎಂದ ಬಾಯಲ್ಲಿ ಟೀಚರ್‌ಗೆ ಹೋಗಿಲ್ಲ ಎಂದು ಹೇಗೆ ಹೇಳಲಿ? ನಾನೇ ಸರಿ ಮಾಡುತ್ತೇನೆ, ಅವಳಿಗೆ ಗೊತ್ತಾಗುವುದೇ ಬೇಡ ಎಂದುಕೊಂಡೆ.

ಯಜಮಾನರು ರುಜು ಹಾಕಿದ್ದ ಫೈಲನ್ನೇ ಕುಗ್ಗಿಸಲು ನೋಡಿದೆ. ಕುಗ್ಗಿತು. ಆದರೆ ರುಜುವಿನ ಜಾಗದಲ್ಲಿ ಹಸಿರು ಗುರುತು ಇರಲಿಲ್ಲ. ಡಿಜಿಟಲ್ ಸಹಿ ಎನ್ನುವುದು ಕಾಗದದ ಮೂಲೆಯಲ್ಲಿ ಗೀಚಿದ ಹೆಸರಲ್ಲ. ಆ ಫೈಲಿನ ಪ್ರತಿ ಅಕ್ಷರ, ಪ್ರತಿ ಚುಕ್ಕಿಯನ್ನೂ ಕೂಡಿಸಿ ತೆಗೆದ ಒಂದು ಗಣಿತ. ಒಂದು ಚುಕ್ಕಿ ಆಚೀಚೆಯಾದರೂ ಅದು ತಾಳೆಯಾಗುವುದಿಲ್ಲ. ಮೇಲ್‌ಗೇ ರುಜು ಹಾಕಿದ್ದರೆ ಇನ್ನೂ ನಾಜೂಕು. ದಾರಿಯಲ್ಲಿ ಯಾವುದೋ ಸರ್ವರ್ 'ವೈರಸ್ ಪರೀಕ್ಷಿಸಲಾಗಿದೆ' ಎಂಬ ಒಂದು ಸಾಲನ್ನು ಕೊನೆಗೆ ಅಂಟಿಸಿದರೂ ರುಜು ಕೆಟ್ಟಿತು ಎಂದೇ ಅರ್ಥ. ಎರಡು ಭಾಗ ಮಾಡಿ ಕಳಿಸೋಣವೆಂದರೂ ಅದೇ ಕಥೆ. ಚಿಕ್ಕ ಫೈಲು ಬೇಕೆಂದರೆ ಹೊಸದಾಗಿ ಮಾಡಬೇಕು, ಹೊಸದಾಗಿ ಮಾಡಿದರೆ ಹೊಸದಾಗಿ ರುಜು ಆಗಬೇಕು.

ರುಜು ಹಾಕುವವರು ಹಾಸನದಿಂದ ವ್ಯಾನಿನಲ್ಲಿ ಊರಿನ ಕಡೆ ಹೊರಟಿದ್ದರು.

ನಾನು ಎಲ್ಲ ಲಗತ್ತುಗಳನ್ನೂ ಕಪ್ಪು ಬಿಳುಪಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆ. ಒಂದೇ ಫೈಲು ಮಾಡಿದೆ. ನಾಲ್ಕು ಎಂಬಿಗೆ ಇಳಿಯಿತು. ಪರ್ಸಿನಿಂದ ಡಾಂಗಲ್ ತೆಗೆದೆ. ಅದೇ ಪತ್ರ, ಅದೇ ಲಗತ್ತು, ಅವರೇ ಕೇಳಿಸಿಕೊಂಡು ಒಪ್ಪಿದ್ದು, ನನ್ನ ಕಣ್ಣೆದುರೇ ಒತ್ತಿದ್ದು, ಇದರಲ್ಲಿ ಮೋಸವೇನು ಬಂತು ಎಂದು ಬಾಯಿಬಿಟ್ಟೇ ಹೇಳಿಕೊಂಡೆ. ಖಾಲಿ ಶಾಲೆಯಲ್ಲಿ ನನ್ನ ದನಿ ನನಗೇ ಹೆದರಿಕೆ ಹುಟ್ಟಿಸಿತು. ಪಿನ್ ಒತ್ತಿದೆ. ಎಂಟರಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. 'ಕ್ಷಮಿಸ್ಬಿಡಿ ಯಜಮಾನ್ರೇ' ಎಂದು ಒತ್ತಿಬಿಟ್ಟೆ.

ಹಸಿರು ಬಂತು. ಆ ಯಂತ್ರ ಕೇಳುವುದು ಎರಡೇ ಪ್ರಶ್ನೆ: ಕೀಲಿ ಅವರದೇ? ಕಾಗದ ಬದಲಾಗಿಲ್ಲ ತಾನೇ? ಮನುಷ್ಯ ಇದ್ದಾನೋ ಇಲ್ಲವೋ ಎಂದು ಅದು ಕೇಳುವುದಿಲ್ಲ.

ಈ ಸಲ ಮೇಲ್ ಕಳಿಸಿ ಅರ್ಧ ಗಂಟೆ ಕಾದೆ. ವಾಪಸ್ಸು ಬರಲಿಲ್ಲ. ಬಸ್ಸು ಹಿಡಿದು ಹಳೇಬೀಡು ಮುಟ್ಟಿ, ಅಲ್ಲಿಂದ ಆಟೋದಲ್ಲಿ ತೋಟಕ್ಕೆ ಓಡಿದರೆ ಎಲ್ಲ ಮುಗಿದಿತ್ತು. ಯಜಮಾನರನ್ನು ಕೂರಿಸಿ ಮಣ್ಣು ಮುಚ್ಚಿಯಾಗಿತ್ತು. ಹಸಿ ಮಣ್ಣಿನ ಮೇಲೆ ಬಿಲ್ವಪತ್ರೆ ಹಾಕಿ ಹಣೆ ಮುಟ್ಟಿಸಿದೆ. ಅವರ ಮುಖ ನೋಡಬೇಕಿದ್ದ ಹೊತ್ತಿನಲ್ಲಿ ನಾನು ಅವರ ರುಜು ಹಾಕುತ್ತಾ ಕೂತಿದ್ದೆ. ಅವರ ಮಗನ ಕೈಗೆ ಡಾಂಗಲ್ ಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಎರಡು ತಿಂಗಳಿಗೆ ಅನುಮೋದನೆ ಬಂತು. ಟೀಚರ್ ಬರಿಗಾಲಲ್ಲಿ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ಹರಕೆ ತೀರಿಸಿ ಬಂದಳು. ಎಲ್ಲರಿಗೂ ಪ್ರಸಾದ ಹಂಚಿದಳು. ನನ್ನ ಬಾಯಿಗೆ ತಾನೇ ಇಟ್ಟಳು. ಇಷ್ಟಕ್ಕೇ ನಿಂತಿದ್ದರೆ ನಾನು ನನ್ನ ಪಾಪವನ್ನು ನನ್ನೊಳಗೇ ಇಟ್ಟುಕೊಂಡು ಸಾಯುತ್ತಿದ್ದೆ. ನಿಲ್ಲಲಿಲ್ಲ.

ಯಾರೋ ಮೂಗರ್ಜಿ ಬರೆದರು. ಯಾರೆಂದು ನನಗೆ ಇಂದಿಗೂ ತಿಳಿಯದು. ಯಜಮಾನರ ಮರಣ ಪ್ರಮಾಣಪತ್ರ, ಅದರ ಜೊತೆಗೆ ನಾನು ಕಳಿಸಿದ ಫೈಲಿನ ಸಹಿಯ ವಿವರ, ಎರಡನ್ನೂ ಒಟ್ಟಿಗೆ ಪಿನ್ ಹೊಡೆದಿದ್ದರು. ಡಿಜಿಟಲ್ ಸಹಿಯಲ್ಲಿ ಗಂಟೆ, ನಿಮಿಷ, ಸೆಕೆಂಡೂ ದಾಖಲಾಗುತ್ತದೆ. ಅವರು ತೀರಿಕೊಂಡು ಒಂಬತ್ತು ಗಂಟೆಯಾದ ಮೇಲೆ ಅವರ ರುಜು ಬಿದ್ದಿತ್ತು. ಅಂಚೆಯ ಕಾಲದಲ್ಲಾಗಿದ್ದರೆ ಹಿಂದಿನ ತಾರೀಖು ಹಾಕಿ ಬಚಾವಾಗುತ್ತಿದ್ದೆನೇನೋ.

ವಿಚಾರಣೆಗೆ ಕರೆದರು. ನಾನು ಒಂದನ್ನೂ ಮುಚ್ಚಿಡಲಿಲ್ಲ. ಲ್ಯಾಪ್‌ಟಾಪ್ ತೆಗೆದು ಶುಕ್ರವಾರದ ಫೈಲು ತೋರಿಸಿದೆ. ಅಧಿಕಾರಿ ವಯಸ್ಸಾದವರು, ಒಳ್ಳೆಯ ಮನುಷ್ಯ. ಕನ್ನಡಕ ಏರಿಸಿ ನೋಡಿದರು. ಹಸಿರು ಗುರುತು ಹಾಗೇ ಇತ್ತು. ಶುಕ್ರವಾರ, ಸಂಜೆ ನಾಲ್ಕೂವರೆ, ಯಜಮಾನರ ಹೆಸರು.

'ಇದು ಸರಿಯಾಗೇ ಇದೆಯಲ್ಲಮ್ಮಾ. ಇದನ್ನೇ ಯಾಕೆ ಕೊಡ್ಲಿಲ್ಲ?'

'ಮೇಲ್ ವಾಪಸ್ ಬಂತು ಸರ್. ಗಾತ್ರ ಜಾಸ್ತಿ ಆಗಿತ್ತು.'

'ಪೆನ್‌ಡ್ರೈವ್‌ನಲ್ಲಿ ತರ್ಬೋದಿತ್ತು. ಶನಿವಾರ ಐದು ಗಂಟೆವರೆಗೂ ಆಫೀಸ್ ತೆಗೆದಿತ್ತು. ಸುಮಾರು ಜನ ಹಾಗೇ ತಂದ್ಕೊಟ್ರು.'

'ಇ-ಮೇಲ್ ಮೂಲಕವೇ ಅಂತ ಇತ್ತಲ್ಲ ಸರ್' ಎಂದೆ. ಸುತ್ತೋಲೆಯನ್ನೂ ಒಯ್ದಿದ್ದೆ. ಅವರು ನನ್ನ ಕೆಂಪು ಗೆರೆಯನ್ನು ನೋಡಿದರು.

'ಅಯ್ಯೋ, ಆ "ವೇ" ನಮ್ ಟೈಪಿಸ್ಟ್ ಸೇರ್ಸೋದಮ್ಮಾ. ಸ್ವಲ್ಪ ಗಟ್ಟಿಯಾಗಿರ್ಲಿ ಅಂತ ಎಲ್ಲಾದಕ್ಕೂ ಸೇರ್ಸ್ತಾನೆ' ಎಂದರು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹತ್ತೊಂಬತ್ತು ವರ್ಷ ನಾನೂ ಅದನ್ನೇ ಮಾಡಿದ್ದೆ. 'ನಾಳೆಯೇ ಶುಲ್ಕ ಕಟ್ಟತಕ್ಕದ್ದು', 'ಪೋಷಕರೇ ಬರತಕ್ಕದ್ದು'. ಮಕ್ಕಳು ನಾಳಿದ್ದು ಕಟ್ಟಿದರೂ ತೆಗೆದುಕೊಂಡಿದ್ದೆ, ಅಜ್ಜಿ ಬಂದರೂ ಕಳಿಸಿಕೊಟ್ಟಿದ್ದೆ. ನನ್ನ 'ಏ'ಗೆ ಬೆಲೆ ಇಲ್ಲವೆಂದು ನನಗೆ ಗೊತ್ತಿತ್ತು. ಇನ್ನೊಬ್ಬರ 'ವೇ'ಯನ್ನು ಮಾತ್ರ ಶಾಸನ ಎಂದು ನಂಬಿ ಕೂತಿದ್ದೆ.

ಅಧಿಕಾರಿ ಕೈಚೆಲ್ಲಿದರು. ಅವರ ಮುಂದೆ ಸಲ್ಲಿಕೆಯಾಗಿದ್ದು ಶನಿವಾರದ ಫೈಲು. ಅದರ ರುಜು ಸುಳ್ಳು. ಶುಕ್ರವಾರದ್ದು ನಿಜ, ಆದರೆ ಅದು ಅವರಿಗೆ ಸೇರಲೇ ಇಲ್ಲ. ಅನುಮೋದನೆ ರದ್ದಾಯಿತು. ನಾನು ಕೆಲಸ ಬಿಟ್ಟೆ; ಬಿಡಿಸುವ ಮೊದಲೇ ಬಿಟ್ಟೆ ಅಷ್ಟೆ. ನನ್ನ ಮಾತು ಹಾಳಾಗಲಿ. ಊರಿನಲ್ಲಿ ಜನ ಯಜಮಾನರನ್ನು ಆಡಿಕೊಂಡರು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, 'ಏನ್ಲಾ, ಗುಣಿಯೊಳಗಿಂದ ಎದ್ ಬಂದು ರುಜು ಹಾಕವ್ರಂತಲ್ಲಾ!' ಎಂದು ನಕ್ಕದ್ದನ್ನು ನಾನೇ ಕಿವಿಯಾರೆ ಕೇಳಿದೆ. ಓದಿಸದೆ ಒಂದು ಕಾಗದಕ್ಕೂ ಬೆರಳು ತಗುಲಿಸದ ಮನುಷ್ಯನ ಹೆಸರು ನನ್ನಿಂದ ಹೀಗಾಯಿತು. ಅವರ ಮಗ ನನ್ನನ್ನು ಬಯ್ಯಲಿಲ್ಲ. ಎದುರು ಸಿಕ್ಕರೆ ರಸ್ತೆ ದಾಟಿ ಆ ಕಡೆಗೆ ಹೋಗುತ್ತಾನೆ.

ರದ್ದತಿಯ ಆದೇಶ ಬಂದ ದಿನ ಟೀಚರ್ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಸುಮ್ಮನೆ ಸ್ಟೇಷನ್ನಿಗೆ ನಡೆದಳೆಂದು ತಿಳಿಯಿತು. ನಾನು ಹಿಂದೆಯೇ ಓಡಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಡೀಮನ್ನಿನ ಪತ್ರ, ಅಕ್ಕಿ ಅನ್ನವಾದದ್ದು, ಖಾಲಿ ಶಾಲೆ, ಪೆನ್‌ಡ್ರೈವ್, 'ವೇ' ಎಲ್ಲ. ಬೈಯಲಿ, ಹೊಡೆಯಲಿ ಎಂದು ಕಾದೆ.

'ಅಕ್ಕಾ, ಆ ಶನಿವಾರ ಟೆಂಪೋ ಹತ್ತೋಕ್ ಮುಂಚೆ ನಾನೆಲ್ಲಿದ್ದೆ ಗೊತ್ತಾ?' ಎಂದಳು.

ಗೊತ್ತಿರಲಿಲ್ಲ.

'ನಿಮ್ ರೂಮಿನ ಬಾಗ್ಲಲ್ಲೇ ನಿಂತಿದ್ದೆ. ಬನ್ನಿ ಅಕ್ಕಾ ಹೋಗಣ ಅಂದೆ, ಎರಡು ಸಲ. ನೀವು ತಿರುಗೂ ನೋಡ್ಲಿಲ್ಲ, ನೀವೆಲ್ಲಾ ಹೋಗಿ, ಆಮೇಲೆ ಬಸ್ಸಿಗೆ ಬರ್ತೀನಿ ಅಂದ್ರಿ. ಒಂದೇ ಒಂದ್ ಮಾತ್ ಹೇಳಿದ್ರೆ ಆ ಪೆನ್‌ಡ್ರೈವ್ ಸೆರಗಿಗೆ ಗಂಟು ಹಾಕ್ಕೊಂಡು ಹಾಸನಕ್ಕೆ ನಾನೇ ಹೋಗ್ತಿದ್ದೆನಲ್ಲಕ್ಕಾ. ಹನ್ನೆರಡೂ ಆಗಿರ್ಲಿಲ್ಲ.'

ರೈಲು ಬಂತು. ಅವಳು ಹತ್ತಿ ಹೋದಳು. ಅವಳ ಕೆಲಸ ಉಳಿಸಬೇಕೆಂದು ಅಷ್ಟೆಲ್ಲ ಮಾಡಿದ ನಾನು, ಅವಳು ಬಾಗಿಲಲ್ಲಿ ನಿಂತು ಕರೆದಾಗ ತಲೆ ಎತ್ತಿ ಅವಳ ಮುಖ ನೋಡಿರಲಿಲ್ಲ.